ಅಂಗಳ ದಾಟದ ಉಡುಪಿ ಪ್ರಯಾಣ

“ಈ ಸೀಟಿಗೆ ನೆನಪಿನ ಶಕ್ತಿ ಉಂಟು ಮಾಸ್ಟ್ರೇ,” ಎನ್ನುತ್ತಾ ಶೆಟ್ಟರು ಹೊಸ ಕಾರಿನ ಬಾಗಿಲಿನ ಮೇಲಿದ್ದ ಒಂದು, ಎರಡು, ಮೂರು ಎಂಬ ಗುಂಡಿಗಳನ್ನು ಮಗಳ ಮದುವೆಗೆ ಮಾಡಿಸಿದ ಚಿನ್ನ ತೋರಿಸುವವರಂತೆ ಒಂದೊಂದಾಗಿ ತೋರಿಸಿದರು.

ಆಟಿ ತಿಂಗಳ ಭಾನುವಾರ. ಮಳೆ ಒಂದಿಷ್ಟು ಹೊಳವಾಗಿತ್ತು. ಮಂಗಳೂರಿನ ಕದ್ರಿಯಲ್ಲಿರುವ ಶೆಟ್ಟರ ಅಂಗಳದಿಂದ ಹೊರಟು, ಉಡುಪಿಯ ರಥಬೀದಿಗೆ ಒಂದು ಸುತ್ತು ಹಾಕಿ, ಬಿಸಿ ಗೋಳಿಬಜೆ ತಿಂದು, ಕತ್ತಲಾಗುವ ಮೊದಲು ಹಿಂತಿರುಗುವುದೆಂದು ನಾವು ಐವರು ನಿಶ್ಚಯಿಸಿದ್ದೆವು.

“ನೆನಪಿನ ಶಕ್ತಿ ಬೇಕಾದದ್ದು ಓಡಿಸುವವನಿಗೆ,” ಎಂದರು ಮಾಸ್ಟ್ರು. “ನಂತೂರಿನಲ್ಲಿ ಹಾಕಿದ ಇಂಡಿಕೇಟರನ್ನು ಆರಿಸಲು ಮರೆತು, ಸುರತ್ಕಲ್ಲಿನವರೆಗೂ ಬಲಕ್ಕೆ ತಿರುಗುತ್ತೇನೆಂದು ಊರಿಗೆಲ್ಲ ಮಾತು ಕೊಡುತ್ತಾ ಹೋದವರು ನೀವೇ ಅಲ್ಲವೇ?”

ಶೆಟ್ಟರು ಅದನ್ನು ಕೇಳಿಸಿಕೊಳ್ಳಲಿಲ್ಲ. ಚಾಲಕನ ಸೀಟಿನಲ್ಲಿ ಕುಳಿತು ಒಂದನೆಯ ಗುಂಡಿಯನ್ನು ಒತ್ತಿದರು. ಸೀಟು ಗುಂಯ್ ಎಂದು ಹಿಂದಕ್ಕೆ ಸರಿಯಿತು, ಅದರ ಬೆನ್ನು ಹಿಂದಕ್ಕೆ ಬಾಗಿತು, ಶೆಟ್ಟರು ಕ್ರಮೇಣ ಮಲಗಿದರು. ಕೊನೆಗೆ ನಮಗೆ ಕಾಣಿಸಿದ್ದು ಸ್ಟೀರಿಂಗಿನ ಕಡೆಗೆ ಚಾಚಿದ ಎರಡು ಕೈಗಳು ಮತ್ತು ಹೊಟ್ಟೆ ಮಾತ್ರ.

“ಇದು ಅನಂತಶಯನ,” ಎಂದರು ಮಾಸ್ಟ್ರು. “ಆದಿಶೇಷನ ಮೇಲೆ ಒರಗಿದವನ ಪಾದದ ಬಳಿ ಲಕ್ಷ್ಮಿ ಇದ್ದಾಳೆ, ಅವನಿಗೆ ಚಿಂತೆಯಿಲ್ಲ. ನಿಮ್ಮ ಪಾದದ ಬಳಿ ಇರುವುದು ಬ್ರೇಕು. ಅದನ್ನು ಪೂರ್ತಿ ತುಳಿಯಿರಿ, ನೋಡುವಾ.”

ಶೆಟ್ಟರು ತುಳಿಯಲು ಹೋದಾಗ ಅವರ ಸೊಂಟ ಸೀಟಿನಿಂದ ಮುಂದಕ್ಕೆ ಜಾರಿತು.

“ನೋಡಿ, ಅಪಾಯದ ಗಳಿಗೆಯಲ್ಲಿ ನೀವು ಕಾರನ್ನು ನಿಲ್ಲಿಸುವುದಿಲ್ಲ, ನೀವೇ ಕಾರಿನೊಳಗೆ ಇಳಿದು ಹೋಗುತ್ತೀರಿ. ತಪ್ಪಾಗಿ ಕುಳಿತದ್ದನ್ನು ದಿನಾ ಅಷ್ಟೇ ತಪ್ಪಾಗಿ ನೆನಪಿಟ್ಟುಕೊಳ್ಳುವುದಕ್ಕೆ ನೀವು ಇಷ್ಟು ಲಕ್ಷ ಸುರಿದಿರಾ?”

ಹಾಗಾದರೆ ಹೇಗೆ ಕುಳಿತುಕೊಳ್ಳಬೇಕೆಂಬುದನ್ನು ತೋರಿಸಿಕೊಡಲು ಕಾಮತರು ತಾವಾಗಿಯೇ ಮುಂದೆ ಬಂದರು. ಅವರು ಕುಳಿತ ಕ್ರಮ ತೆಂಗಿನ ಮರ ಹತ್ತಿ ಅರ್ಧದಲ್ಲಿ ಕೆಳಗೆ ನೋಡಿದವನಂತೆ ಇತ್ತು. ಎದೆ ಸ್ಟೀರಿಂಗಿಗೆ ಅಂಟಿತ್ತು, ಮೂಗು ಗಾಜಿಗೆ ತಾಗುವುದರಲ್ಲಿತ್ತು. ಹೀಗೆ ಕುಳಿತರೆ ಬಾನೆಟ್ಟಿನ ತುದಿ ಕಾಣುತ್ತದೆ ಎಂಬುದು ಅವರ ವಾದ.

“ಬಾನೆಟ್ಟಿನ ತುದಿ ಕಂಡು ಏನಾಗಬೇಕು ಕಾಮತರೇ, ನೀವು ಅದಕ್ಕೆ ಬೊಟ್ಟು ಇಡುತ್ತೀರಾ?” ಎಂದರು ಮಾಸ್ಟ್ರು. “ಆ ಸ್ಟೀರಿಂಗಿನ ನಡುವೆ ಮಡಚಿಟ್ಟ ಚೀಲವೊಂದು ಉಂಟು. ಢಿಕ್ಕಿಯಾದರೆ ಅದು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಉಬ್ಬಿ ನಿಲ್ಲುತ್ತದೆ. ಎದೆಗೂ ಅದಕ್ಕೂ ನಡುವೆ ಕಡಿಮೆಯೆಂದರೂ 25 ಸೆಂಟಿಮೀಟರ್ ಇರಬೇಕು, ಅಂದರೆ ಒಂದು ಗೇಣಿನ ಮೇಲೆ ಎರಡು ಬೆರಳು. ಅಷ್ಟು ಇಲ್ಲದಿದ್ದರೆ ರಕ್ಷಿಸಲು ಬಂದವನೇ ಮೊದಲ ಪೆಟ್ಟು ಕೊಡುತ್ತಾನೆ.”

ಕಾಮತರು ಕೆಳಗಿಳಿದು ಹಿಂದಿನ ಸೀಟಿಗೆ ಹೋದರು. ಅನಂತರ ಮಾಸ್ಟ್ರು ಶೆಟ್ಟರನ್ನು ಮತ್ತೆ ಕುಳ್ಳಿರಿಸಿ ಪಾಠವನ್ನು ಶುರುಮಾಡಿದರು. ಸೊಂಟ ಸೀಟಿನ ಮೂಲೆಗೆ ಒತ್ತಿರಬೇಕು. ಬ್ರೇಕನ್ನು ತಳದವರೆಗೆ ತುಳಿದಾಗಲೂ ಮೊಣಕಾಲು ತುಸು ಬಾಗಿಯೇ ಇರಬೇಕು. ಭುಜ ಸೀಟಿನಿಂದ ಏಳದೆ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಯ ಮೇಲೆ ಕೂರಬೇಕು. ತಲೆಯ ಹಿಂದಿನ ದಿಂಬಿನ ತುದಿ ಕುತ್ತಿಗೆಯ ಮಟ್ಟದಲ್ಲಲ್ಲ, ನೆತ್ತಿಯ ಮಟ್ಟದಲ್ಲಿ ಇರಬೇಕು. ಹೊರಗಿನ ಕನ್ನಡಿಯಲ್ಲಿ ತಮ್ಮದೇ ಕಾರಿನ ಹೊಟ್ಟೆಯನ್ನು ಅರ್ಧಕ್ಕರ್ಧ ನೋಡುತ್ತಾ ಹೋಗುವವರ ಬಗ್ಗೆ ಮಾಸ್ಟ್ರಿಗೆ ವಿಶೇಷ ಕೋಪ. “ನಿಮ್ಮ ಕಾರು ನಿಮ್ಮ ಜೊತೆಯಲ್ಲೇ ಬರುತ್ತದೆ ಮಾರಾಯ್ರೇ, ಹಿಂದೆ ಬಿದ್ದು ಹೋಯಿತೇ ಎಂದು ನೋಡುವ ಅಗತ್ಯವಿಲ್ಲ. ಕನ್ನಡಿ ಇರುವುದು ಪಕ್ಕದಿಂದ ನುಗ್ಗಿ ಬರುವ ಎಕ್ಸ್‌ಪ್ರೆಸ್ ಬಸ್ಸಿಗಾಗಿ.”

“ಇದನ್ನೆಲ್ಲ ಹೋಗುತ್ತಾ ದಾರಿಯಲ್ಲಿ ಸರಿಮಾಡಿಕೊಳ್ಳಬಹುದಲ್ಲ?” ಎಂದು ಕೇಳಿದವನು ನಾನು. ಹಿಂದಿನ ಸೀಟಿನ ನಡುವೆ ಸಿಕ್ಕಿಕೊಂಡವನಿಗೆ ಹಸಿವು ಬೇಗ ಆಗುತ್ತದೆ.

“ಯಕ್ಷಗಾನದ ವೇಷಧಾರಿ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಬಣ್ಣ ಬರೆದುಕೊಂಡು, ಗೆಜ್ಜೆ ಕಟ್ಟಿಕೊಂಡು, ಕಿರೀಟವನ್ನು ಅಲುಗದಂತೆ ಬಿಗಿದುಕೊಂಡು, ಆಮೇಲೆ ರಂಗಕ್ಕೆ ಬರುತ್ತಾನೆ. ಚೆಂಡೆ ಬಿದ್ದ ಮೇಲೆ ಕುಣಿಯುತ್ತಾ ಕುಣಿಯುತ್ತಾ ಕಿರೀಟ ಕಟ್ಟಿಕೊಳ್ಳುವುದಿಲ್ಲ. ನೀವು ಪಡುಬಿದ್ರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ ಕನ್ನಡಿಯತ್ತ ಕೈ ಚಾಚಿ ಮೂರು ಸೆಕೆಂಡು ಕಳೆದಿರಿ ಎನ್ನಿ. ಕಾರು ಅಷ್ಟರಲ್ಲಿ 50 ಮೀಟರ್ ಹೋಗಿರುತ್ತದೆ. ನಾಲ್ಕು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರವನ್ನು ನೀವು ಕುರುಡನಾಗಿ ದಾಟಿದಿರಿ. ಪಂಪ್‌ವೆಲ್ ಮೇಲ್ಸೇತುವೆಗಾಗಿ 2020ರ ಜನವರಿಯವರೆಗೆ ವರ್ಷಗಟ್ಟಲೆ ಕಾದ ಊರಿನವರಿಗೆ ಸೀಟು ಸರಿಮಾಡಲು ಐದು ನಿಮಿಷದ ತಾಳ್ಮೆ ಇಲ್ಲವೇ?”

ಅಷ್ಟರಲ್ಲಿ ಗಾಜಿನ ಒಳಗೆಲ್ಲ ಮಂಜು ಕಟ್ಟಿತು. ಐದು ಜನರ ಉಸಿರು, ಹೊರಗೆ ಆಟಿಯ ಥಂಡಿ. ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಲು ಶೆಟ್ಟರು ತಟ್ಟೆಯಷ್ಟು ದೊಡ್ಡ ಪರದೆಯನ್ನು ಮುಟ್ಟಿದರು, ಭಜನೆ ಕೇಳಿಸಿತು. ಇನ್ನೊಮ್ಮೆ ಮುಟ್ಟಿದರು; ಅವರ ಭಾವನಿಗೆ ಫೋನು ಹೋಯಿತು. ಮೂರನೆಯ ಸಲಕ್ಕೆ ನೆತ್ತಿಯ ಮೇಲಿನ ಗಾಜಿನ ಮಾಡು ಸರಕ್ಕನೆ ತೆರೆದು, ಮಾವಿನ ಮರದ ಎಲೆಗಳಲ್ಲಿ ನಿಂತಿದ್ದ ನೀರೆಲ್ಲ ಮಾಸ್ಟ್ರ ತಲೆಯ ಮೇಲೆ ಬಿತ್ತು.

ಮಾಸ್ಟ್ರು ತಲೆ ಒರಸಿಕೊಳ್ಳುತ್ತಾ ಶಾಂತವಾಗಿಯೇ ಹೇಳಿದರು: “ಮಾಡು ಸೋರಬಾರದೆಂದು ಬಾಸೆಲ್ ಮಿಷನ್ನಿನವರು 1865ರಲ್ಲಿ ಇದೇ ಊರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ದೇಶವೆಲ್ಲ ಮಂಗಳೂರು ಹಂಚು ಹೊದೆದುಕೊಂಡಿತು. ಈಗ ಮಂಗಳೂರಿನವರು ಹೆಚ್ಚಿಗೆ ದುಡ್ಡು ಕೊಟ್ಟು ಮಾಡಿಗೆ ತೂತು ಮಾಡಿಸಿಕೊಳ್ಳುತ್ತಿದ್ದಾರೆ.”

ಮಾಡು ಮುಚ್ಚಿತು. ಇಂಜಿನು ಚಾಲೂ ಆಯಿತು. ಕೂಡಲೇ ಕಾರು ಟಿಂಗ್ ಟಿಂಗ್ ಎಂದು ಕೂಗತೊಡಗಿತು. ಯಾರೋ ಬೆಲ್ಟು ಹಾಕಿರಲಿಲ್ಲ.

“ಅದಕ್ಕೆ ನನ್ನಲ್ಲಿ ಮದ್ದು ಉಂಟು,” ಎಂದು ಪೊರ್ಬುಗಳು ಜೇಬಿನಿಂದ ಬೆಳ್ಳಿಯಂತೆ ಹೊಳೆಯುವ ಒಂದು ಕೊಂಡಿಯನ್ನು ತೆಗೆದರು. ಅದಕ್ಕೆ ಬೆಲ್ಟೇ ಇಲ್ಲ, ನಾಲಗೆ ಮಾತ್ರ. ಬೆಲ್ಟಿನ ಬಾಯಿಗೆ ಅದನ್ನು ಸಿಕ್ಕಿಸಿದರೆ ಕಾರು ಸುಮ್ಮನಾಗುತ್ತದೆಯಂತೆ.

“ಪೊಲೀಸರಿಗೆ ಸುಳ್ಳು ಹೇಳಿದವರನ್ನು ಕಂಡಿದ್ದೇನೆ, ಸಾಲ ಕೊಟ್ಟವರಿಗೆ ಹೇಳಿದವರನ್ನೂ ಕಂಡಿದ್ದೇನೆ,” ಎಂದರು ಮಾಸ್ಟ್ರು. “ತಾನು ಕುಳಿತ ಸೀಟಿಗೇ ಸುಳ್ಳು ಹೇಳುವವರನ್ನು ಇವತ್ತು ಕಂಡೆ. ಇದನ್ನು ಮಾರಬಾರದೆಂದು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಟ್ಟು, 13,000ಕ್ಕೂ ಹೆಚ್ಚು ಜಾಹೀರಾತುಗಳನ್ನು ತೆಗೆಸಿಹಾಕಿತು. ನಿಮ್ಮದು ಅದಕ್ಕಿಂತ ಮೊದಲಿನದ್ದೋ, ಆಮೇಲಿನದ್ದೋ?”

“ಬೆಲ್ಟು ಹೊಟ್ಟೆಗೆ ಒತ್ತುತ್ತದೆ ಮಾಸ್ಟ್ರೇ, ಆರಾಮವಿಲ್ಲ.”

“ಅದು ಹೊಟ್ಟೆಯ ಮೇಲೆ ಇರಬೇಕಾದದ್ದೇ ಅಲ್ಲ. ಕೆಳಗಿನ ಪಟ್ಟಿ ಸೊಂಟದ ಎಲುಬಿನ ಮೇಲೆ, ಮೇಲಿನದ್ದು ಭುಜದ ನಡುವಿನಿಂದ ಎದೆಗೆ. ಹಾಗೆ ಹಾಕಿಕೊಂಡರೆ ಮೂಳೆ ಪೆಟ್ಟನ್ನು ತಾಳಿಕೊಳ್ಳುತ್ತದೆ. ಈ ಮೂರು ಕಡೆ ಹಿಡಿಯುವ ಬೆಲ್ಟನ್ನು ವೋಲ್ವೋ ಕಂಪೆನಿಗೆ 1959ರಲ್ಲಿ ಮಾಡಿಕೊಟ್ಟವನು ನಿಲ್ಸ್ ಬೋಲಿನ್ ಎಂಬ ಸ್ವೀಡನ್ನಿನ ಇಂಜಿನಿಯರು. ಅದಕ್ಕಿಂತ ಮೊದಲು ಅವನ ಕೆಲಸವೇನು ಗೊತ್ತುಂಟೇ? ಯುದ್ಧವಿಮಾನದಿಂದ ಮನುಷ್ಯನನ್ನು ಹೊರಕ್ಕೆ ಎಸೆಯುವ ಸೀಟುಗಳನ್ನು ಮಾಡುವುದು. ಮನುಷ್ಯ ಹೊರಕ್ಕೆ ಹಾರುವುದೆಂದರೇನು ಎಂಬುದು ಅವನಿಗೆ ತಿಳಿದಷ್ಟು ನಮಗೆ ತಿಳಿಯದು. ಆ ಕಂಪೆನಿಯು ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಪುಕ್ಕಟೆಯಾಗಿ ಸಿಕ್ಕಿದ ಜೀವವನ್ನು ತಪ್ಪಿಸಿಕೊಳ್ಳಲು ನೀವು ದುಡ್ಡು ಕೊಟ್ಟು ಕೊಂಡಿ ತಂದಿರಿ!”

ಪೊರ್ಬುಗಳು ಕೊಂಡಿಯನ್ನು ಜೇಬಿಗೆ ಹಾಕಿ ಬೆಲ್ಟನ್ನು ಎಳೆದುಕೊಂಡರು. ಆದರೆ ಕಾಮತರು ಬೊಟ್ಟಿನ ವಿಷಯವನ್ನು ಮರೆತಿರಲಿಲ್ಲ.

“ಇಷ್ಟೆಲ್ಲ ಹೇಳುವ ಮಾಸ್ಟ್ರ ಮಾರುತಿ 800ರ ಸೀಟು ಹಿಂದೆಯೂ ಬರುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ತುಕ್ಕು ಹಿಡಿದು ಎಷ್ಟೋ ವರ್ಷ ಆಯಿತು. ಇಲ್ಲವೆಂದು ಹೇಳಲಿ!”

“ತುಕ್ಕು ಹಿಡಿದದ್ದು ಹೌದು,” ಎಂದು ಮಾಸ್ಟ್ರು ಒಪ್ಪಿಕೊಂಡರು. “ಆದರೆ ಸರಿಯಾದ ಜಾಗದಲ್ಲಿ ಹಿಡಿದಿದೆ. ಅದಕ್ಕಿಂತ ಗಟ್ಟಿಯಾದ ನೆನಪಿನ ಶಕ್ತಿ ಯಾವ ಕಾರಿನಲ್ಲಿ ಉಂಟು ಹೇಳಿ?”

ಅಂತೂ ಶೆಟ್ಟರು ಬೆನ್ನು ನೇರ ಮಾಡಿ, ಮೊಣಕಾಲು ಬಗ್ಗಿಸಿ, ಮಣಿಕಟ್ಟನ್ನು ಸ್ಟೀರಿಂಗಿನ ತುದಿಗೆ ತಾಗಿಸಿ ಕುಳಿತರು. ಇಷ್ಟು ವರ್ಷ ಬೆನ್ನು ನೋಯುತ್ತಿದ್ದದ್ದು ವಯಸ್ಸಿನಿಂದಲ್ಲ, ಸೀಟಿನಿಂದ ಎಂದು ಅವರಿಗೆ ಅನಿಸಿರಬೇಕು. ಮುಖದಲ್ಲಿ ಹಾಗೆ ಕಂಡಿತು. ಇನ್ನು ಈ ಭಂಗಿಯನ್ನು ಕಾರಿನ ನೆನಪಿಗೆ ಸೇರಿಸುವುದಷ್ಟೇ ಬಾಕಿ.

“ಒಂದು ನಿಮ್ಮ ಅನಂತಶಯನ, ಎರಡು ನಿಮ್ಮ ಮನೆಯವರದ್ದು,” ಎಂದರು ಕಾಮತರು. “ಮೂರು ಖಾಲಿ ಉಂಟಲ್ಲ, ಇದನ್ನು ಅದಕ್ಕೆ ಹಾಕಿಬಿಡಿ.”

“ಮೂರು ಖಾಲಿ ಇಲ್ಲ,” ಎಂದರು ಶೆಟ್ಟರು.

ಮಳೆ ಮತ್ತೆ ಹಿಡಿದಿತ್ತು. ಗಾಜಿನ ಮಾಡಿನ ಮೇಲೆ ಅದರ ಸದ್ದು ಜೋರಾಯಿತು.

“ಮೇ ತಿಂಗಳಿನಲ್ಲಿ ದುಬೈಯಿಂದ ಮಗ ಬಂದಿದ್ದನಲ್ಲ, ಹತ್ತು ದಿನ ಅವನೇ ಓಡಿಸಿದ. ಅವನ ಕಾಲು ಉದ್ದ. ಹೋಗುವ ದಿನವೂ ಬಜಪೆಯ ವಿಮಾನ ನಿಲ್ದಾಣದವರೆಗೆ ಅವನೇ ಓಡಿಸಿಕೊಂಡು ಹೋಗಿ, ಕೀಲಿ ನನ್ನ ಕೈಗೆ ಕೊಟ್ಟು ಒಳಗೆ ಹೋದ. ನಾನು ಇಲ್ಲಿ ಕುಳಿತರೆ ಬ್ರೇಕು ಎಟುಕಲೇ ಇಲ್ಲ. ಒಂದನ್ನು ಒತ್ತಬೇಕೆಂದು ಗೊತ್ತಿದ್ದರೂ ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದೆ.”

ಮಾಸ್ಟ್ರು ಏನಾದರೂ ಹೇಳುತ್ತಾರೆಂದು ನಾವೆಲ್ಲ ಕಾದೆವು. “ಒಂದನ್ನೇ ಅಳಿಸಿ,” ಎಂದರು ಅವರು, ಅಷ್ಟೇ.

ಶೆಟ್ಟರ ಮನೆಯವರು ಕೊಡೆ ಹಿಡಿದುಕೊಂಡು ಬಂದು, ಈ ಮಳೆಯಲ್ಲಿ ಎಲ್ಲಿಗೂ ಹೋಗುವುದು ಬೇಡವೆಂದು ಹೇಳಿ, ಪತ್ರೊಡೆಯ ತಟ್ಟೆಗಳನ್ನು ಕಿಟಕಿಯಿಂದಲೇ ಒಳಗೆ ಕೊಟ್ಟರು. ತಟ್ಟೆ ತೆಗೆದುಕೊಳ್ಳುವ ಮೊದಲು ಶೆಟ್ಟರು, ಯಾರಿಗೂ ಕಾಣಬಾರದೆಂಬಂತೆ, ಮೂರನೆಯ ಗುಂಡಿಯನ್ನು ಒಂದು ಸಲ ಒತ್ತಿದರು. ಸೀಟು ನಿಧಾನವಾಗಿ ಹಿಂದಕ್ಕೆ ಬಂತು, ಇನ್ನೂ ಬಂತು, ಹಿಂದೆ ಕುಳಿತಿದ್ದ ಕಾಮತರ ಮೊಣಕಾಲಿಗೆ ತಾಗಿ ನಿಂತಿತು. ಎಲ್ಲದಕ್ಕೂ ತಕರಾರು ತೆಗೆಯುವ ಕಾಮತರು ಕಾಲುಗಳನ್ನು ಓರೆಯಾಗಿ ಮಡಚಿಕೊಂಡು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಸುಮ್ಮನೆ ಪತ್ರೊಡೆ ತಿಂದರು.