ಹಿಂಗೋಲಿಗೆ 2,600 ಕೋಟಿ: ನಮ್ಮ ಬ್ಯಾಚಿನ ಗುಂಪಲ್ಲಿ ಚರ್ಚೆ

ನಾಗರಾಜ (ಫಾರ್ವರ್ಡ್): ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಗುರುತ್ವ ಅಲೆ ಹಿಡಿಯುವ 2,600 ಕೋಟಿಯ ಲೈಗೋ ಯಂತ್ರ! ಅಮೆರಿಕದಲ್ಲಿ ಇಂಥವು ಆಗಲೇ ಎರಡಿವೆ. ನಮ್ಮ ತೆರಿಗೆ ಹಣ ಯಾರಿಗಾಗಿ?

ನಾಗರಾಜ: ಸರಿಯಾಗೇ ಕೇಳಿದಾರೆ. ಗುರುತ್ವ ಅಲೆ, ಅದೇ ಬ್ಲಾಕ್ ಹೋಲ್‌ಗಳಂಥವು ಡಿಕ್ಕಿಯಾದಾಗ ದೇಶಕಾಲದಲ್ಲಿ ಏಳೋ ಕಂಪನ, ಅಮೆರಿಕದವರು 2015ರಲ್ಲೇ ಹಿಡಿದಾಯ್ತು, ನೊಬೆಲ್ಲೂ ಬಂತು. ಅದನ್ನೇ ಮತ್ತೆ ನಾವ್ಯಾಕೆ ಹುಡುಕ್ಬೇಕು?

ಉಷಾ: ಎರಡೇ ಇದ್ರೆ ಅಲೆ ಬಂತು ಅಂತ ಗೊತ್ತಾಗುತ್ತೆ, ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ ಕಣೋ. ಅಮೆರಿಕದ ಆ ಎರಡು ಯಂತ್ರ ಇರೋದು ಲಿವಿಂಗ್‌ಸ್ಟನ್, ಹ್ಯಾನ್‌ಫರ್ಡ್ ಅನ್ನೋ ಊರುಗಳಲ್ಲಿ. 2015ರ ಅಲೆ ಮೊದಲು ಲಿವಿಂಗ್‌ಸ್ಟನ್ ಮುಟ್ಟಿ, ಸುಮಾರು 7 ಮಿಲಿಸೆಕೆಂಡ್ ಆದ್ಮೇಲೆ ಹ್ಯಾನ್‌ಫರ್ಡ್ ಮುಟ್ಟಿತು. ದಿಕ್ಕಿಗೆ ಮುಖ್ಯ ಆಧಾರ ಆ ವ್ಯತ್ಯಾಸ. ಸಿಕ್ಕಿದ್ದು ಆಕಾಶದಲ್ಲಿ ಸುಮಾರು 600 ಚದರ ಡಿಗ್ರಿ, ಅಂದ್ರೆ ಮೂರು ಸಾವಿರ ಹುಣ್ಣಿಮೆ ಚಂದ್ರರಷ್ಟು ಜಾಗ. ಅದರಲ್ಲಿ ಯಾವ ಗ್ಯಾಲಕ್ಸಿ ಅಂತ ಹುಡುಕ್ತೀಯ?

ಪ್ರಸಾದ್: ಇಟಲಿಯಲ್ಲೂ ಒಂದಿದೆ ಅಲ್ವಾ?

ಉಷಾ: ಇದೆ, ಪೀಸಾ ಹತ್ರ, ವರ್ಗೋ ಅಂತ. 2017ರ ಆಗಸ್ಟ್ 1ಕ್ಕೆ ಜೊತೆ ಸೇರ್ತು. 17ಕ್ಕೆ ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿಯಾದ ಅಲೆ ಬಂತು. ಅಮೆರಿಕದ ಎರಡರಲ್ಲೂ ಸ್ಪಷ್ಟವಾಗಿತ್ತು, ವರ್ಗೋದಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ.

ನಾಗರಾಜ: ನೋಡು ಮತ್ತೆ! ಮೂರನೇದು ಇದ್ದೂ ಏನುಪಯೋಗ?

ಉಷಾ: ಅದೇ ಉಪಯೋಗಕ್ಕೆ ಬಂದಿದ್ದು! ಒಂದಕ್ಕೊಂದು ಅಡ್ಡಲಾಗಿ ಎರಡು ಕೊಳವೆ, ವರ್ಗೋದಲ್ಲಿ ತಲಾ 3 ಕಿಲೋಮೀಟರ್. ಅಲೆ ದಾಟುವಾಗ ಒಂದು ಹಿಗ್ಗಿ ಒಂದು ಕುಗ್ಗಿದ್ರೆ ಲೇಸರ್ ಅದನ್ನ ಹಿಡಿಯುತ್ತೆ. ಎರಡೂ ಕೊಳವೆಗಳ ನಟ್ಟನಡುವಿನ ದಿಕ್ಕಿಂದ ಬಂದ್ರೆ ಎರಡೂ ಒಂದೇ ಸಮ ಬದಲಾಗಿ ಏನೂ ಕಾಣಲ್ಲ. ಮೂರು ದಿನ ಮುಂಚೆಯಷ್ಟೇ ಬ್ಲಾಕ್ ಹೋಲ್ ಅಲೆ ಹಿಡಿದಿದ್ದ ಯಂತ್ರ ಅದು, ಕೆಟ್ಟಿರಲಿಲ್ಲ. ಹಾಗಾದ್ರೆ ಡಿಕ್ಕಿಯಾಗಿದ್ದು ಅದರ ಕುರುಡು ದಿಕ್ಕಿನ ಹತ್ರವೇ ಅಂತಾಯ್ತು. ಹುಡುಕೋ ಜಾಗ ಸುಮಾರು 30 ಚದರ ಡಿಗ್ರಿಗೆ ಇಳೀತು. ಅಲೆ ಬಂದು ಸುಮಾರು 11 ಗಂಟೆ ಕಳೆದ್ಮೇಲೆ ಚಿಲಿಯ ಸ್ವೋಪ್ ದೂರದರ್ಶಕದ ಚಿತ್ರದಲ್ಲಿ, ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಹೊಸ ಬೆಳಕಿನ ಚುಕ್ಕೆ ಸಿಕ್ತು. 13 ಕೋಟಿ ಜ್ಯೋತಿರ್ವರ್ಷ ದೂರ! ಚಿನ್ನದಂಥ ಭಾರವಾದ ಧಾತುಗಳು ಇಂಥ ಡಿಕ್ಕಿಯಲ್ಲಿ ಹುಟ್ಟುತ್ತವೆ ಅನ್ನೋದಕ್ಕೆ ಪುರಾವೆ ಸಿಕ್ಕಿದ್ದು ಆ ಬೆಳಕಿನಲ್ಲಿ.

ಉಷಾ: ಜಪಾನಲ್ಲೂ ಇಂಥದ್ದೊಂದಿದೆ. ಹಿಂಗೋಲಿ ಅಮೆರಿಕ, ಇಟಲಿ, ಜಪಾನ್ ಮೂರಕ್ಕೂ ದೂರ. ಆ ದೂರವೇ ದಿಕ್ಕನ್ನ ಇನ್ನೂ ನಿಖರ ಮಾಡೋದು. ಒಂದು ರಿಪೇರಿಗೆ ನಿಂತ್ರೂ ಉಳಿದವು ಕೈ ಹಿಡೀತವೆ.

ನಾಗರಾಜ: ಆಯ್ತಮ್ಮಾ. ನಾನು ಪಾಠ ಮಾಡೋ ಹೈಸ್ಕೂಲಲ್ಲಿ ನೆಟ್ಟಗೆ ಒಂದು ಲ್ಯಾಬ್ ಇಲ್ಲ. ಅದು ಯಾರ ಲೆಕ್ಕಕ್ಕೆ?

ಉಷಾ: ಲ್ಯಾಬ್ ಬೇಕೇ ಬೇಕು. ಆದ್ರೆ ಇದನ್ನ ನಿಲ್ಲಿಸಿದ್ರೆ ಆ ದುಡ್ಡು ನಿನ್ನ ಶಾಲೆಗೆ ಬರುತ್ತಾ? ನನಗೆ ಸಿಟ್ಟು ಬರೋದು ತಡದ ಮೇಲೆ. ತಾತ್ವಿಕ ಒಪ್ಪಿಗೆ 2016ರಲ್ಲಿ, ದುಡ್ಡಿಗೆ ಸಂಪುಟದ ಒಪ್ಪಿಗೆ 2023ರಲ್ಲಿ!

ಪ್ರಸಾದ್: ಇದು ಅಮೆರಿಕದವರ ವಿದ್ಯೆ ಮಾತ್ರ ಅಲ್ಲ ನಾಗ. ನೆಹರೂ ತಾರಾಲಯ ಕಟ್ಟಿ ಬೆಳೆಸಿದ ಸಿ. ವಿ. ವಿಶ್ವೇಶ್ವರ ಬೆಂಗಳೂರಿನವರೇ. ಕದಡಿದ ಬ್ಲಾಕ್ ಹೋಲ್ ಕಂಪಿಸಿ ಹೇಗೆ ಅಡಗುತ್ತೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ರು. 2015ರ ಅಲೆಯ ಕೊನೇ ತುಣುಕಲ್ಲಿ ಅಂಥದ್ದೇ ಕಂಪನ ಇತ್ತು.

ನಾಗರಾಜ: ಇದು ಗೊತ್ತಿರಲಿಲ್ಲ. ಲ್ಯಾಬ್ ವಿಷಯ ಮಾತ್ರ ನಾನು ಬಿಡಲ್ಲ. ವಿಶ್ವೇಶ್ವರ ಅವರ ಬಗ್ಗೆ ಕನ್ನಡದಲ್ಲಿ ಏನಿದ್ರೂ ಕಳ್ಸು, ಸೋಮವಾರ ಹತ್ತನೇ ಕ್ಲಾಸಿಗೆ ಹೇಳ್ಬೇಕು.