ಹಳೆಯ ಓಮ್ನಿಗೆ 40,000 ರೂಪಾಯಿ: ಮೊದಲು ಯಾವ ಕೆಲಸ?

ನಾಪೋಕ್ಲು ತೋಟಗಾರ:
ನಮ್ಮ ಮನೆಯಲ್ಲಿ 2009ರ ಮಾರುತಿ ಓಮ್ನಿ ಇದೆ. ತೋಟದ ಕೆಲಸಕ್ಕೂ ಮನೆಯವರ ಓಡಾಟಕ್ಕೂ ಆಗಲೆಂದು ತಂದೆಯವರು ಕೊಂಡ ಐದು ಸೀಟಿನ ಗಾಡಿ. 2024ರಲ್ಲಿ ನೋಂದಣಿ ನವೀಕರಿಸಿದ್ದರಿಂದ 2029ರವರೆಗೆ ಕಾಗದಪತ್ರದ ಚಿಂತೆಯಿಲ್ಲ. ಎಂಜಿನ್ ಚೆನ್ನಾಗಿದೆ, ಮಾರುವ ಮನಸ್ಸು ಮನೆಯಲ್ಲಿ ಯಾರಿಗೂ ಇಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಮನೆಯ ಶೆಡ್ಡಿನಲ್ಲೇ ಇದನ್ನು ಸ್ವಲ್ಪ ಮಾರ್ಪಡಿಸಿ, ನಾವಿಬ್ಬರು ಮತ್ತು ಮಗಳು ದೂರದ ಪ್ರಯಾಣದಲ್ಲಿ ರಾತ್ರಿ ಅದರಲ್ಲೇ ಮಲಗುವಂತೆ ಮಾಡಬೇಕೆಂದಿದ್ದೇನೆ. ಹಿಂದಿನ ಸೀಟು ತೆಗೆದು ಪ್ಲೈವುಡ್ ಮಂಚ ಕೂರಿಸುವುದು, ಬದಿ ಮತ್ತು ಚಾವಣಿಗೆ ಚಳಿ ಮತ್ತು ಸದ್ದು ತಡೆಯಲು ಗ್ಲಾಸ್ ವುಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ತುಂಬುವುದು, ಎರಡನೆಯ ಬ್ಯಾಟರಿ ಹಾಕುವುದು, ಒಂದು ಸಣ್ಣ ಗ್ಯಾಸ್ ಒಲೆ ಇಡುವುದು ಸದ್ಯದ ಯೋಚನೆ. ಕೈಯಲ್ಲಿರುವುದು 40,000 ರೂಪಾಯಿ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಗೋಣಿಕೊಪ್ಪ ಮೆಕ್ಯಾನಿಕ್:
ನಿಮ್ಮ ಪಟ್ಟಿಯಲ್ಲಿ ನೆಲದ ತಗಡಿನ ಮಾತೇ ಇಲ್ಲ ಸರ್. ಕೊಡಗಿನಲ್ಲಿ ಓಮ್ನಿಯನ್ನು ಮೂಲೆ ಸೇರಿಸುವುದು ಎಂಜಿನ್ ಅಲ್ಲ, ತುಕ್ಕು. ಮಂಚದ ಅಳತೆ ತೆಗೆಯುವ ಮೊದಲು ನೆಲದ ರಬ್ಬರ್ ಮ್ಯಾಟನ್ನೂ ಅದರ ಕೆಳಗಿನ ಪದರವನ್ನೂ ಪೂರ್ತಿ ಎತ್ತಿ ಹೊರಗೆ ಹಾಕಿ, ಸ್ಕ್ರೂಡ್ರೈವರ್ ಹಿಡಿಯಿಂದ ತಗಡನ್ನು ಅಂಗುಲ ಅಂಗುಲವಾಗಿ ತಟ್ಟುತ್ತಾ ಬನ್ನಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಒಳಗೆ ಕೊಳೆತ ತಗಡಿನ ಸದ್ದು ಸತ್ತಿರುತ್ತದೆ. ಜಾರುವ ಬಾಗಿಲಿನ ಕೆಳಗಿನ ಚಾನೆಲ್ ಹತ್ತಿರ ಹೆಚ್ಚು ಗಮನವಿರಲಿ. ತೋಟದ ಕೆಸರು ಮತ್ತು ಕೊಳೆತ ಎಲೆ ಅಲ್ಲಿನ ನೀರು ಇಳಿಯುವ ತೂತುಗಳನ್ನು ಮುಚ್ಚಿಬಿಡುತ್ತವೆ. ಜೂನ್‌ನಲ್ಲಿ ನಿಂತ ನೀರು ಸೆಪ್ಟೆಂಬರ್ ಕಳೆದರೂ ಪೂರ್ತಿ ಆರುವುದಿಲ್ಲ. ಬ್ಯಾಟರಿ ಕೂರುವ ತಟ್ಟೆ, ಹಿಂದಿನ ಚಕ್ರದ ಕಮಾನು, ಹಿಂದಿನ ಭಾರ ಹೊರುವ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಗಾಡಿಯ ಬಾಡಿಗೆ ಕೂಡುವ ಬ್ರಾಕೆಟ್ ಇವೂ ಅಷ್ಟೇ ಮುಖ್ಯ. ಬ್ರಾಕೆಟ್ ಸುತ್ತ ತಗಡು ಪದರ ಪದರವಾಗಿ ಏಳುತ್ತಿದ್ದರೆ ಮಂಚ, ಬ್ಯಾಟರಿ, ಒಲೆ ಎಲ್ಲವನ್ನೂ ಬದಿಗಿಟ್ಟು ಇಡೀ ಹಣವನ್ನು ಅಲ್ಲಿಗೇ ಹಾಕಬೇಕಾಗುತ್ತದೆ.

ಸೋಮವಾರಪೇಟೆ ಹಿರಿಯ:
ಮೆಕ್ಯಾನಿಕ್ ಅವರು ಹೇಳಿದ್ದು ಸರಿ, ಆದರೆ ಇದಕ್ಕೆ ದೊಡ್ಡ ಖರ್ಚು ಬೇಕಾಗಿಲ್ಲ. ನಮ್ಮ ಕಡೆ ತೋಟದ ಜೀಪುಗಳಿಗೆ ಮಳೆ ಹಿಡಿಯುವ ಮೊದಲು ಸುಟ್ಟ ಎಂಜಿನ್ ಆಯಿಲನ್ನು ತಳಕ್ಕೆ ಬಳಿಯುವುದು ಹಳೆಯ ರೂಢಿ, ಹಾಗೆ ಬಳಿದ ಗಾಡಿಗಳು ಈಗಲೂ ಓಡುತ್ತಿವೆ. ವರ್ಷಕ್ಕೊಮ್ಮೆ ಅಷ್ಟು ಮಾಡಿದರೆ ಸಾಕು, ಹಣ ಒಳಗಿನ ಅನುಕೂಲಕ್ಕೆ ಉಳಿಯುತ್ತದೆ.

ಗೋಣಿಕೊಪ್ಪ ಮೆಕ್ಯಾನಿಕ್:
ಹಿರಿಯರ ಅನುಭವದ ಬಗ್ಗೆ ನನಗೆ ಗೌರವವಿದೆ, ಆದರೂ ಈ ಮಾತನ್ನು ಒಪ್ಪಲಾರೆ. ಎಣ್ಣೆ ತಗಡಿನ ಮೇಲೆ ನೀರು ನಿಲ್ಲಲು ಬಿಡುವುದಿಲ್ಲ ಎಂಬುದು ನಿಜ. ಆದರೆ ಅದೇ ಎಣ್ಣೆ ಸ್ಪ್ರಿಂಗಿನ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಬ್ರೇಕಿನ ರಬ್ಬರ್ ಹೋಸ್‌ಗೂ ಒಳ್ಳೆಯದಲ್ಲ, ಹಿಂದಿನ ಬ್ರೇಕ್ ಡ್ರಮ್ಮಿನೊಳಗೆ ಹೋಗಿ, ಉಜ್ಜಿ ಗಾಡಿ ನಿಲ್ಲಿಸುವ ಲೈನರ್‌ಗೆ ತಾಗಿದರೆ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಹಿಡಿಯುವುದಿಲ್ಲ. ಮೊದಲ ಮಳೆಗೆ ತೊಳೆದು ಹೋದದ್ದು ನಮ್ಮದೇ ತೋಡಿಗೂ ಗದ್ದೆಗೂ ಸೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಈಗಾಗಲೇ ತೂತಾದ ತಗಡನ್ನು ಎಣ್ಣೆ ಮುಚ್ಚುವುದಿಲ್ಲ. ಕೊಳೆತ ಭಾಗವನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿಸಿ, ರೆಡ್ ಆಕ್ಸೈಡ್ (ತುಕ್ಕು ತಡೆಯುವ ಕೆಂಪು ಬಣ್ಣ) ಹೊಡೆದು, ಕೂಡುಗೆರೆಗಳಿಗೆ ಸೀಲೆಂಟ್ ತುಂಬಿ, ಆಮೇಲೆ ತಳದ ರಬ್ಬರ್ ಕೋಟಿಂಗ್ ಮಾಡಬೇಕು. ಇದನ್ನು ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲು, ಬಿಸಿಲು ಗಟ್ಟಿಯಾಗಿರುವ ದಿನಗಳಲ್ಲಿ ಮುಗಿಸಿಕೊಳ್ಳಿ. ಒದ್ದೆ ತಗಡಿನ ಮೇಲೆ ಕೋಟಿಂಗ್ ಹಾಕಿದರೆ ನೀರನ್ನು ಒಳಗೆ ಕೂಡಿಹಾಕಿದಂತಾಗುತ್ತದೆ, ಮೇಲೆ ಕಪ್ಪಗೆ ಚೆನ್ನಾಗಿ ಕಾಣುತ್ತಲೇ ಒಳಗೆ ತುಕ್ಕು ಹಬ್ಬುತ್ತದೆ. ವೆಲ್ಡಿಂಗ್ ಮಾತ್ರ ಮನೆಯಲ್ಲಿ ಬೇಡ. ಪೆಟ್ರೋಲ್ ಟ್ಯಾಂಕ್ ಮತ್ತು ಪೈಪ್ ನೆಲದ ಕೆಳಗೇ ಇವೆ, ಅವನ್ನು ಬಿಚ್ಚಿ ದೂರವಿಟ್ಟು, ಬ್ಯಾಟರಿ ಸಂಪರ್ಕ ಕಳಚಿದ ಮೇಲೆಯೇ ಆ ಕೆಲಸ ಆಗಬೇಕು. ಉಜ್ಜುವುದು, ಬಳಿಯುವುದು, ತೂತು ಬಿಡಿಸುವುದು ಮನೆಯಲ್ಲಿ ಮಾಡಿಕೊಳ್ಳುವಂಥವು, ಕೂಲಿಯ ಬಹುಪಾಲು ಅಲ್ಲೇ ಉಳಿಯುತ್ತದೆ.

ಮಡಿಕೇರಿ ವಕೀಲೆ:
ಹಿಂದಿನ ಸೀಟು ತೆಗೆದುಹಾಕುವ ವಿಚಾರದಲ್ಲಿ ಎಚ್ಚರಿಕೆ ಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ಮತ್ತು ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ, ಸೀಟುಗಳ ಸಂಖ್ಯೆ ಆ ವಿವರಗಳಲ್ಲಿ ಒಂದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಕಟ್ಟುನಿಟ್ಟಾಗಿಯೇ ಅರ್ಥೈಸಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. 2029ರಲ್ಲಿ ಮತ್ತೆ ನವೀಕರಣಕ್ಕೆ ಗಾಡಿಯನ್ನು ಪರೀಕ್ಷೆಗೆ ಒಯ್ಯಬೇಕಾಗುತ್ತದೆ ಎಂಬುದನ್ನೂ ನೆನಪಿಡಿ.

ಕುಶಾಲನಗರ ಬಡಗಿ:
ಅಕ್ಕಾ, ತೋಟದವರು ಗೊಬ್ಬರದ ಚೀಲ ತುಂಬಲು ಸೀಟು ಬಿಚ್ಚುವುದು ದಿನನಿತ್ಯದ ಸಂಗತಿ. ಬೋಲ್ಟ್ ಬಿಚ್ಚಿ ಮತ್ತೆ ಹಾಕುವುದನ್ನು ಮಾರ್ಪಾಟು ಎಂದರೆ ಹೇಗೆ?

ಮಡಿಕೇರಿ ವಕೀಲೆ:
ನಿಮ್ಮ ವಾದದಲ್ಲಿ ಹುರುಳಿದೆ. ಮತ್ತೆ ಕೂರಿಸಬಹುದಾದ ಸೀಟಿಗೂ, ನೆಲಕ್ಕೆ ತೂತು ಕೊರೆದು ಶಾಶ್ವತವಾಗಿ ಕೂರಿಸಿದ ಮಂಚಕ್ಕೂ ವ್ಯತ್ಯಾಸವಿದೆ. ಆದರೆ ಸೀಟಿಲ್ಲದ ಗಾಡಿಯಲ್ಲಿ ಮೂವರು ಹೊರಟಾಗ, ಮೂರನೆಯವಳಾದ ಮಗಳು ಬೆಲ್ಟಿಲ್ಲದೆ ಹಲಗೆಯ ಮೇಲೆ ಕೂರುತ್ತಾಳೆ. ತಿರುವಿನಲ್ಲಿ ಗಾಡಿ ತಟ್ಟನೆ ನಿಂತರೆ ಆ ಮಗುವನ್ನು ಹಿಡಿದಿಡಲು ಏನೂ ಇರುವುದಿಲ್ಲ. ದಂಡ ಬೀಳುತ್ತದೋ ಇಲ್ಲವೋ ಎಂಬುದಕ್ಕಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ.

ಕುಶಾಲನಗರ ಬಡಗಿ:
ಮಗುವಿನ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಹಾಗಿದ್ದರೆ ಸೀಟು ಅಲ್ಲೇ ಇರಲಿ. ಮಡಚುವ ಕಾಲುಗಳಿರುವ ಎರಡು ತುಂಡಿನ ಹಲಗೆ ಮಾಡಿ, ಹಗಲು ಸೀಟಿನ ಹಿಂದೆ ಒಂದರ ಮೇಲೊಂದು ಇಟ್ಟು ಬೆಲ್ಟಿನಿಂದ ಬಿಗಿದು, ರಾತ್ರಿ ಸೀಟಿನ ಮೇಲ್ಮಟ್ಟಕ್ಕೆ ಹಾಸಬಹುದು. ಎತ್ತರ ಸ್ವಲ್ಪ ಕಡಿಮೆಯಾಗುತ್ತದೆ, ಎದ್ದು ಕೂತರೆ ತಲೆ ಚಾವಣಿಗೆ ತಾಗಬಹುದು, ಮಲಗಲು ತೊಂದರೆಯಿಲ್ಲ. ತೂಕ ನೋಡಿಕೊಳ್ಳಿ: 12 ಮಿಲಿಮೀಟರ್ ದಪ್ಪದ ಎಂಟಡಿ ನಾಲ್ಕಡಿ ಹಾಳೆ ಸುಮಾರು 23 ಕಿಲೋ ಇರುತ್ತದೆ, 18 ಮಿಲಿಮೀಟರಿನದು ಸುಮಾರು 35 ಕಿಲೋ. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಅದನ್ನು ಮಡಿಕೇರಿಯ ಏರಿನಲ್ಲಿ ಎಳೆಯಬೇಕು, ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನಿಲ್ಲಿಸಬೇಕು. 12ರದ್ದೇ ತೆಗೆದುಕೊಂಡು ಅಡಿಗೆ ಪಟ್ಟಿ ಹೊಡೆಯಿರಿ. ಮಾಮೂಲಿ ಕಮರ್ಷಿಯಲ್ ಪ್ಲೈ ನಮ್ಮ ಮಳೆಗಾಲದಲ್ಲಿ ಅಂಚಿನಿಂದ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ಐಎಸ್ 710 ಗುರುತಿರುವ ಮರೈನ್ ಪ್ಲೈ ಕೇಳಿ, ಕತ್ತರಿಸಿದ ಅಂಚಿಗೆಲ್ಲ ವಾರ್ನಿಷ್ ಕುಡಿಸಿ.

ನಾಪೋಕ್ಲು ತೋಟಗಾರ:
ಸೀಟಿನ ವಿಷಯ ಸ್ಪಷ್ಟವಾಯಿತು, ಅದನ್ನು ತೆಗೆಯುವುದಿಲ್ಲ. ಗ್ಲಾಸ್ ವುಲ್ ಬಗ್ಗೆ ಯಾರೂ ಹೇಳಲಿಲ್ಲ. ಡಿಸೆಂಬರ್ ಚಳಿಯಲ್ಲಿ ತಗಡಿನ ಗಾಡಿಯಲ್ಲಿ ಮಗುವನ್ನು ಮಲಗಿಸುವುದು ಕಷ್ಟವಲ್ಲವೇ? ಎಂಜಿನ್ ಸದ್ದೂ ಕಡಿಮೆಯಾಗಬೇಕಿತ್ತು.

ಗೋಣಿಕೊಪ್ಪ ಮೆಕ್ಯಾನಿಕ್:
ಗ್ಲಾಸ್ ವುಲ್ ಖಂಡಿತ ಬೇಡ. ಮೂವರು ಮುಚ್ಚಿದ ಗಾಡಿಯಲ್ಲಿ ಮಲಗಿದರೆ ಉಸಿರಿನ ತೇವ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಗ್ಲಾಸ್ ವುಲ್ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ತಗಡು ಒಳಗಿನಿಂದ ಕೊಳೆಯಲು ಶುರುವಾಗುತ್ತದೆ. ನೀರು ಹೀರದ ಫೋಮ್ ಹಾಳೆಯನ್ನು, ಗಾಳಿ ಉಳಿಯದಂತೆ ತಗಡಿಗೆ ಒತ್ತಿ ಅಂಟಿಸಿ. ಹಣ ಸಾಲದಿದ್ದರೆ ಚಾವಣಿಗೆ ಮಾತ್ರ ಹಾಕಿ. ಮಲಗುವಾಗ ಎದುರುಬದುರಿನ ಕಿಟಕಿಗಳು ಬೆರಳಷ್ಟಾದರೂ ತೆರೆದಿರಬೇಕು. ಇನ್ನು ಸದ್ದು ಮತ್ತು ಕಾವು. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ, ಮುಚ್ಚಳದ ಸುತ್ತಲಿನ ರಬ್ಬರ್ ಬೀಡಿಂಗನ್ನು ಬೆರಳಿನಿಂದ ಒತ್ತಿ ನೋಡಿ. ಹಳೆಯ ಗಾಡಿಗಳಲ್ಲಿ ಅದು ಚಪ್ಪಟೆಯಾಗಿ, ಗಟ್ಟಿಯಾಗಿ, ಮೂಲೆಗಳಲ್ಲಿ ಸೀಳಿರುತ್ತದೆ. ಸದ್ದು, ಕಾವು, ಪೆಟ್ರೋಲ್ ವಾಸನೆ ಮೂರೂ ಒಳಗೆ ಬರುವ ದಾರಿ ಅದು. ಹೊಸ ಬೀಡಿಂಗ್ ಹಾಕುವುದು ಕಡಿಮೆ ಖರ್ಚಿನ ಕೆಲಸ, ಫಲ ಮಾತ್ರ ದೊಡ್ಡದು.

ವಿರಾಜಪೇಟೆ ಎಲೆಕ್ಟ್ರಿಷಿಯನ್:
ಎರಡನೆಯ ಬ್ಯಾಟರಿ ನಿಮಗೆ ಬೇಕಾಗಿಲ್ಲ. 12 ವೋಲ್ಟಿನಲ್ಲಿ 6 ವಾಟಿನ ಎಲ್‌ಇಡಿ ದೀಪ ಅರ್ಧ ಆಂಪಿಯರ್ ಎಳೆಯುತ್ತದೆ, ನಾಲ್ಕು ಗಂಟೆ ಉರಿದರೂ ಎರಡು ಆಂಪಿಯರ್ ಗಂಟೆ ಮಾತ್ರ. ಆರೋಗ್ಯವಾಗಿರುವ ಒಂದು ಬ್ಯಾಟರಿ ಅದನ್ನು ಸುಲಭವಾಗಿ ತಾಳುತ್ತದೆ. ಹೊಸ ತಂತಿ ಎಳೆಯುವುದಾದರೆ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ತಗಡಿನ ತೂತಿನಲ್ಲಿ ತಂತಿ ಹಾಯುವ ಕಡೆ ರಬ್ಬರ್ ಬುಷ್ ಇರಲಿ. ಮಂಜಿಗೆಂದು 100 ವಾಟಿನ ಹೆಡ್‌ಲೈಟ್ ಬಲ್ಬ್ ಹಾಕಿಸುವವರನ್ನು ಕಂಡಿದ್ದೇನೆ. ಐದು ಆಂಪಿಯರ್ ಹರಿಯಬೇಕಾದ ಹಳೆಯ ತಂತಿಯಲ್ಲಿ ಎಂಟಕ್ಕೂ ಹೆಚ್ಚು ಹರಿದು ಹೋಲ್ಡರ್ ಕರಗುತ್ತದೆ.

ಸೋಮವಾರಪೇಟೆ ಹಿರಿಯ:
ಒಲೆಯ ವಿಚಾರದಲ್ಲಾದರೂ ಅವರ ಆಸೆ ಉಳಿಸಿ. ಮಳೆಯಲ್ಲಿ ಮಗುವಿಗೆ ಹಾಲು ಬಿಸಿ ಮಾಡಲು ಗಾಡಿಯೊಳಗೆ ಸಣ್ಣ ಒಲೆ ಇದ್ದರೆ ಏನು ತಪ್ಪು?

ವಿರಾಜಪೇಟೆ ಎಲೆಕ್ಟ್ರಿಷಿಯನ್:
ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲೇ, ಹಾಸಿಗೆಯ ಕೆಳಗೇ ತುಂಬಿಕೊಳ್ಳುತ್ತದೆ, ಒಂದು ಸ್ವಿಚ್ಚಿನ ಕಿಡಿ ಸಾಕು. ಮುಚ್ಚಿದ ಜಾಗದಲ್ಲಿ ಉರಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟಬಹುದು. ಚಳಿಗೆಂದು ಕೆಂಡ ಇಡುವುದಂತೂ ಇನ್ನೂ ಅಪಾಯ. ಹಿಂಬಾಗಿಲು ಮೇಲಕ್ಕೆ ತೆರೆದು, ಅದಕ್ಕೆ ಟಾರ್ಪಾಲು ಕಟ್ಟಿ, ಒಲೆಯನ್ನು ಗಾಡಿಯಿಂದ ದೂರ ನೆಲದ ಮೇಲಿಡಲಿ. ಹಾಲಿಗೆ ಒಳ್ಳೆಯ ಫ್ಲಾಸ್ಕ್ ಸಾಕು.

ಸೋಮವಾರಪೇಟೆ ಹಿರಿಯ:
ಒಲೆಯ ಮಾತು ಒಪ್ಪಿದೆ. ಎಣ್ಣೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೆಯೇ ಇದೆ. ರಬ್ಬರ್ ಭಾಗಗಳಿಗೆ ತಾಗದಂತೆ ಕೈಯಲ್ಲಿ ಬ್ರಷ್ ಹಿಡಿದು ಬಳಿಯುವವರಿಗೆ ಅದು ಇಂದಿಗೂ ಉಪಯುಕ್ತ.

ನಾಪೋಕ್ಲು ತೋಟಗಾರ:
ಎಲ್ಲರಿಗೂ ಧನ್ಯವಾದಗಳು. ಮೊದಲು ಮ್ಯಾಟ್ ಎತ್ತಿ ತಗಡು ನೋಡುತ್ತೇನೆ. ವೆಲ್ಡಿಂಗ್, ತಳದ ಕೋಟಿಂಗ್ ಮತ್ತು ಬೀಡಿಂಗಿಗೆ ಹಣ ತೆಗೆದಿಟ್ಟು, ಉಳಿದದ್ದರಲ್ಲಿ ಹಲಗೆ ಮತ್ತು ಚಾವಣಿಯ ಫೋಮ್ ಮಾಡಿಸುತ್ತೇನೆ. ಬ್ರೇಕಿಗೆ ಬೇರೆ ಏನಾದರೂ ಬೇಕೇ?

ಗೋಣಿಕೊಪ್ಪ ಮೆಕ್ಯಾನಿಕ್:
ಕೋಟಿಂಗ್ ಹೊಡೆಯುವ ಮೊದಲೇ ಬ್ರೇಕಿನ ಲೋಹದ ಪೈಪ್‌ಗಳನ್ನು ಪೂರ್ತಿ ಉದ್ದಕ್ಕೂ ಒರೆಸಿ ನೋಡಿ, ತುಕ್ಕಿನ ಗುಳಿ ಇರುವುದನ್ನು ಬದಲಿಸಿ, ಕಪ್ಪು ಬಳಿದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹಾಕಿ ಎರಡು ವರ್ಷ ದಾಟಿದ್ದರೆ ಪೂರ್ತಿ ಹೊಸದು ತುಂಬಿಸಿ. ಜಾಕ್ ಕೊಡುವ ಜಾಗವನ್ನೂ ತಟ್ಟಿ ನೋಡಿದ ಮೇಲೆಯೇ ಗಾಡಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡದೆ ಯಾರೂ ಅಡಿಗೆ ಹೋಗಬೇಡಿ.