ಅಪ್‌ಡೇಟ್: ಸ್ಕ್ಯಾಫೋಲ್ಡ್ ನಡುವಿನ ಜೀವಕೋಶಗಳು ಈಗ ಉಳಿಯುತ್ತಿವೆ

ಎರಡು ವಾರದ ಹಿಂದೆ ಕೇಳಿದ್ದೆ: ಪರ್ಫ್ಯೂಷನ್ ಬಯೋರಿಯಾಕ್ಟರ್‌ನಲ್ಲಿ (ಪಂಪ್‌ನಿಂದ ಪೋಷಕ ದ್ರವ ಹರಿಸುತ್ತಾ ಜೀವಕೋಶ ಬೆಳೆಸುವ ಸಾಧನ) ಮೂಳೆಯ ಜೀವಕೋಶಗಳು ಸ್ಕ್ಯಾಫೋಲ್ಡ್‌ನ (ಅವು ಅಂಟಿಕೊಂಡು ಬೆಳೆಯುವ, ರಂಧ್ರಗಳಿರುವ ಚೌಕಟ್ಟು) ಹೊರಗಡೆ ಚೆನ್ನಾಗಿ ಬೆಳೆಯುತ್ತವೆ, ನಡುವೆ ಸಾಯುತ್ತವೆ, ಯಾಕೆ ಅಂತ.

ಮೊದಲು ಪಂಪ್ ವೇಗ ಜಾಸ್ತಿ ಮಾಡಿ ನೋಡಿದೆ. ಉಪಯೋಗವಾಗಲಿಲ್ಲ. ಅಂಚಿನ ಜೀವಕೋಶಗಳೂ ಕಿತ್ತುಕೊಂಡು ಹೋದವು.

ಕೆಲಸ ಮಾಡಿದ್ದು ಬಣ್ಣದ ನೀರು ಹರಿಸಿ ನೋಡಿ ಎಂದವರ ಸಲಹೆ. ಬಣ್ಣವೆಲ್ಲ ಸ್ಕ್ಯಾಫೋಲ್ಡ್ ಮತ್ತು ಚೇಂಬರ್ ಗೋಡೆಯ ನಡುವಿನ ಸಂದಿಯಲ್ಲೇ ಜಾರಿಹೋಯಿತು! ದ್ರವ ಸುಲಭದ ದಾರಿ ಹಿಡಿಯುತ್ತದೆ ಅಲ್ವಾ. ಒಳಗೆ ಹರಿವೇ ಇರಲಿಲ್ಲ. ಹರಿವಿಲ್ಲದೆ ಆಮ್ಲಜನಕ ತಾನಾಗಿ ಹರಡುವುದು ಸುಮಾರು 100ರಿಂದ 200 ಮೈಕ್ರೋಮೀಟರ್ ದೂರ ಮಾತ್ರ. ನನ್ನ ಸ್ಕ್ಯಾಫೋಲ್ಡ್ 5 ಮಿಲಿಮೀಟರ್ ದಪ್ಪ. ಸುತ್ತಲೂ ಬಿಗಿಯಾಗಿ ಸಿಲಿಕೋನ್ ಉಂಗುರ ಕೂರಿಸಿದೆ. ಈಗ ನಡುವೆಯೂ ಜೀವಕೋಶಗಳು ಬದುಕಿವೆ, ತುಂಬಾ ಖುಷಿಯಾಗಿದೆ.

ನಾನು ಎಣಿಸದೇ ಇದ್ದದ್ದು ಒಂದಿದೆ. ಸಂದಿ ಮುಚ್ಚಿದ ಮೇಲೆ ಅದೇ ಪಂಪ್ ವೇಗಕ್ಕೆ ರಂಧ್ರಗಳೊಳಗಿನ ಹರಿವು ಜೋರಾಗುತ್ತದೆ, ಜೀವಕೋಶಗಳ ಮೇಲಿನ ಉಜ್ಜುಬಲವೂ ಏರುತ್ತದೆ. ಹಾಗಾಗಿ ವೇಗ ಇಳಿಸಬೇಕಾಯಿತು. ಜೀವಕೋಶಗಳು ಬೆಳೆದು ರಂಧ್ರ ಕಿರಿದಾದಂತೆ ಆ ಬಲ ಇನ್ನೂ ಏರುತ್ತದೆ. ಮೊದಲ ದಿನ ಸರಿಹೊಂದಿದ ವೇಗವನ್ನೇ ಕೊನೆತನಕ ಇಡಬೇಡಿ. ಗಾಳಿಗುಳ್ಳೆಯನ್ನೂ ನೋಡಿಕೊಳ್ಳಿ, ಒಂದು ಸಿಕ್ಕಿಕೊಂಡರೂ ಆ ಭಾಗಕ್ಕೆ ಹರಿವು ನಿಲ್ಲುತ್ತದೆ.